ಬೆಂಗಳೂರು ಬೆಳೆಸಿದ ಮ್ಯಾನೇಜರ್

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ 'ಮ್ಯಾನೇಜರ್' ಎಂಬ ಶಬ್ದ ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮಂಜರಾಬಾದಿನ ಗುಡ್ಡಗಳಿಗೆ ಬಂದ ಬಿಳಿಯ ದೊರೆಗಳ ಹಿಂದೆಯೇ ಬಂದ ಶಬ್ದ ಅದು. ತೋಟ ಅವನದಲ್ಲ, ಆದರೆ ಆಳು, ಗೊಬ್ಬರ, ನೆರಳು, ಕೊಯ್ಲು ಎಲ್ಲದರ ಹೊಣೆ ಅವನದು. ಬೆಳೆ ಚೆನ್ನಾಗಿ ಬಂದರೆ ಹೆಸರು ತೋಟದ್ದು, ಕೆಟ್ಟರೆ ಮ್ಯಾನೇಜರನದು. ಇಂಗ್ಲೆಂಡಿನವರು ತಮ್ಮ ಫುಟ್‌ಬಾಲ್ ತಂಡ ನಡೆಸುವವನನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ಬೇರೆಡೆ 'ಕೋಚ್' ಎಂದರೆ ಆಟ ಕಲಿಸುವವನು. ಅವರ 'ಮ್ಯಾನೇಜರ್' ಆಟ ಕಲಿಸುವುದರ ಜತೆಗೆ ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದನ್ನೂ ನೋಡಿಕೊಳ್ಳಬೇಕು.

ಎರಡೂ ಕೆಲಸಗಳಿಗೆ ಒಂದು ವ್ಯತ್ಯಾಸವಿದೆ. ಅರೇಬಿಕಾ ಗಿಡ ನೆಟ್ಟ ಮೇಲೆ ಫಸಲು ಕಾಣಲು ಮೂರು-ನಾಲ್ಕು ವರ್ಷ ಬೇಕೆಂಬುದು ತೋಟದ ಮಾಲೀಕರಿಗೆಲ್ಲ ಗೊತ್ತು. ಫುಟ್‌ಬಾಲ್ ಮಾಲೀಕರಿಗೆ ಅಷ್ಟು ತಾಳ್ಮೆ ಇರುವುದು ಅಪರೂಪ. ಆ ಅಪರೂಪ ಬೆಂಗಳೂರಿನಲ್ಲಿ ಒಮ್ಮೆ ನಡೆಯಿತು. ಅದರಿಂದ ಬೆಳೆದ ಮ್ಯಾನೇಜರ್ ಮುಂದೆ ಭಾರತ ತಂಡವನ್ನೇ ಎರಡು ಬಾರಿ ಸೋಲಿಸಿದ. ಅವರ ಹೆಸರು ಆಶ್ಲಿ ವೆಸ್ಟ್‌ವುಡ್.

1976ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವೆಸ್ಟ್‌ವುಡ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಕಲಿತವರು. ಹಿರಿಯರ ತಂಡದಲ್ಲಿ ಆಡುವ ಭಾಗ್ಯ ಬರಲಿಲ್ಲ. ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಸ್ಟೀವನೇಜ್, ರೆಕ್ಸಮ್ ಎಂದು ಊರೂರು ತಿರುಗಿದ ರಕ್ಷಣಾ ಆಟಗಾರ ಅವರು. ಆಟ ಮುಗಿದ ಮೇಲೆ ಮೈಕೆಲ್ ಆಪಲ್‌ಟನ್ ಎಂಬ ಮ್ಯಾನೇಜರನಿಗೆ ಸಹಾಯಕರಾದರು. ಆಪಲ್‌ಟನ್‌ರ ಕಥೆಯೇ ಈ ವೃತ್ತಿಯ ಅನಿಶ್ಚಿತತೆಗೆ ಕನ್ನಡಿ. ದಿವಾಳಿಯೆದ್ದಿದ್ದ ಪೋರ್ಟ್ಸ್‌ಮತ್ ಕ್ಲಬ್ಬಿನಿಂದ 2012ರ ನವೆಂಬರಿನಲ್ಲಿ ಬ್ಲ್ಯಾಕ್‌ಪೂಲ್‌ಗೆ ಹೋಗಿ ಅಲ್ಲಿದ್ದದ್ದು 65 ದಿನ. ಅಲ್ಲಿಂದ ಬ್ಲ್ಯಾಕ್‌ಬರ್ನ್‌ಗೆ ಹೋಗಿ ಇದ್ದದ್ದು 67 ದಿನ. ಗುರು ಹೋದಲ್ಲೆಲ್ಲ ಶಿಷ್ಯನೂ ಹೋದ. ಗುರುವಿನ ಕೆಲಸ ಹೋದಾಗ ಶಿಷ್ಯನದೂ ಹೋಯಿತು.

ಅದೇ 2013ರಲ್ಲಿ ಜೆಎಸ್‌ಡಬ್ಲ್ಯೂ ಸಂಸ್ಥೆ ಬೆಂಗಳೂರಿನಲ್ಲಿ ಹೊಸ ಕ್ಲಬ್ ಕಟ್ಟಲು ಹೊರಟಿತ್ತು. ಬೆಂಗಳೂರಿಗೆ ಫುಟ್‌ಬಾಲ್ ಹೊಸತಾಗಿರಲಿಲ್ಲ. ಹಳೆಯ ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. ಕೊನೆಯ ಎರಡು 1967-68 ಮತ್ತು 1968-69ರಲ್ಲಿ. ಆಮೇಲೆ ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆಗಳ ತಂಡಗಳು ಆಟವನ್ನು ಉಸಿರಾಡಿಸಿಕೊಂಡು ಬಂದವು. ಬೆಳಿಗ್ಗೆ ಅಭ್ಯಾಸ, ಹಗಲು ಕಾರ್ಖಾನೆ ಎಂಬುದು ಆ ಆಟಗಾರರ ಬದುಕು. ಹೊಸ ಕ್ಲಬ್ಬಿನಲ್ಲಿ ಆಟವೇ ಉದ್ಯೋಗ. ಆದರೆ ಅದಕ್ಕೆ ಆರಿಸಿದ ಮ್ಯಾನೇಜರ್ ಸ್ವತಂತ್ರವಾಗಿ ಒಂದು ತಂಡವನ್ನೂ ಪೂರ್ಣ ಋತು ನಡೆಸದ, ಇನ್ನೂ 37 ತುಂಬದ ವ್ಯಕ್ತಿ. ಜೂಜೆಂದರೆ ಜೂಜೇ.

ವೆಸ್ಟ್‌ವುಡ್ ಮೊದಲು ಬದಲಿಸಿದ್ದು ಆಟಕ್ಕಿಂತ ಹೆಚ್ಚಾಗಿ ಆಟಗಾರರ ದಿನಚರಿಯನ್ನು. ಏನು ತಿನ್ನಬೇಕು, ಎಷ್ಟು ನಿದ್ದೆ ಮಾಡಬೇಕು, ಓಡುವಾಗ ಎದೆಬಡಿತ ಎಷ್ಟಿರಬೇಕು ಎಂಬುದಕ್ಕೆಲ್ಲ ಲೆಕ್ಕ ಬಂತು. ಎದುರಾಳಿಗಳ ಪಂದ್ಯಗಳ ಚಿತ್ರೀಕರಣ ನೋಡಿ ಚರ್ಚಿಸುವ ಪಾಠ ಬಂತು. ಯುರೋಪಿನಲ್ಲಿ ಇದು ಸಾಮಾನ್ಯ ಸಂಗತಿ. ಇಲ್ಲಿ ಹೆಚ್ಚಿನವರಿಗೆ ಆಗ ಹೊಸದು. ನಾಯಕ ಸುನಿಲ್ ಛೆಟ್ರಿ. ರಕ್ಷಣೆಗೆ ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ ಎಂಬ ಇಬ್ಬರು, ಇಂಗ್ಲೆಂಡಿನ ಕೆಳಹಂತದ ಲೀಗುಗಳಲ್ಲಿ ಮೈ ಹುರಿಗೊಳಿಸಿಕೊಂಡವರು. ಅಂಥವರನ್ನು ಹುಡುಕಿ ತರಲು ಅಂಥದೇ ಹಿನ್ನೆಲೆಯ ಮ್ಯಾನೇಜರ್ ಬೇಕಿತ್ತೇನೋ.

ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 2013ರ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ವಿರುದ್ಧ ಮೊದಲ ಪಂದ್ಯ 1-1ರಲ್ಲಿ ಸಮವಾಯಿತು. ಏಳು ತಿಂಗಳ ಬಳಿಕ, 2014ರ ಏಪ್ರಿಲ್ 21ರಂದು, ಗೋವಾದಲ್ಲಿ ಡೆಂಪೊವನ್ನು 4-2ರಿಂದ ಮಣಿಸಿ ಬೆಂಗಳೂರು ಎಫ್‌ಸಿ ಐ-ಲೀಗ್ ಗೆದ್ದಿತು. ಹುಟ್ಟಿದ ವರ್ಷವೇ ರಾಷ್ಟ್ರೀಯ ಚಾಂಪಿಯನ್. 2015ರ ಜನವರಿಯಲ್ಲಿ ಅದೇ ಡೆಂಪೊವನ್ನು ಸೋಲಿಸಿ ಫೆಡರೇಷನ್ ಕಪ್ ಬಂತು.

ಆದರೆ ವೆಸ್ಟ್‌ವುಡ್ ಕಥೆಯಲ್ಲಿ ಗೆಲುವಿಗಿಂತ ಹೆಚ್ಚು ಹೇಳುವುದು ಒಂದು ಸೋಲು. ಲೆಕ್ಕದಲ್ಲಿ ಅದು ಸೋಲೂ ಅಲ್ಲ. 2015ರ ಮೇ 31, ಕಂಠೀರವ ಕ್ರೀಡಾಂಗಣ, ಐ-ಲೀಗ್‌ನ ಕೊನೆಯ ಪಂದ್ಯ. ಎದುರಿಗೆ ಮತ್ತೆ ಮೋಹನ್ ಬಾಗಾನ್. ಗೆದ್ದರೆ ಬೆಂಗಳೂರಿಗೆ ಪಟ್ಟ, ಸಮವಾದರೆ ಕೋಲ್ಕತ್ತಕ್ಕೆ. ಜಾನ್ಸನ್ ಗೋಲು ಹೊಡೆದು ಬೆಂಗಳೂರು ಮುಂದಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಚೆಂಡು ಬಲೆ ಸೇರಿತು. 1-1. ಬೇರೆ ಕ್ಲಬ್ಬಾಗಿದ್ದರೆ ಆ ರಾತ್ರಿಯೇ ಮ್ಯಾನೇಜರನ ಪೆಟ್ಟಿಗೆ ಕಟ್ಟಿಸುತ್ತಿದ್ದರೇನೋ. ಬೆಂಗಳೂರು ಹಾಗೆ ಮಾಡಲಿಲ್ಲ. ಮರುವರ್ಷ, 2016ರ ಏಪ್ರಿಲ್‌ನಲ್ಲಿ, ಅದೇ ಕಂಠೀರವದಲ್ಲಿ ಸಲ್ಗಾಂವಕರ್ ವಿರುದ್ಧ 2-0ರಿಂದ ಗೆದ್ದು ತಂಡ ಮತ್ತೆ ಚಾಂಪಿಯನ್ ಆಯಿತು. ಮೂರು ವರ್ಷದಲ್ಲಿ ಎರಡು ಲೀಗ್, ಒಂದು ಕಪ್. ಆ ಬೇಸಿಗೆಯಲ್ಲಿ ವೆಸ್ಟ್‌ವುಡ್ ಕ್ಲಬ್ ಬಿಟ್ಟರು.

ಅವರು ಬಿಟ್ಟ ತೋಟದ ಫಸಲು ಮುಂದಿನವರಿಗೂ ಸಿಕ್ಕಿತು. ಸ್ಪೇನಿನ ಆಲ್ಬರ್ಟ್ ರೋಕಾ ಬಂದ ಕೆಲವೇ ತಿಂಗಳಲ್ಲಿ, 2016ರ ನವೆಂಬರಿನಲ್ಲಿ, ಬೆಂಗಳೂರು ಎಎಫ್‌ಸಿ ಕಪ್ ಫೈನಲ್ ಆಡಿತು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಮುಟ್ಟದ ಹಂತ ಅದು. ದೋಹಾದಲ್ಲಿ ಇರಾಕಿನ ವಾಯುಪಡೆ ಕ್ಲಬ್ಬಿಗೆ 0-1ರಿಂದ ಸೋತಿತು. ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ 2018ರಲ್ಲಿ ಮುಖ್ಯ ತರಬೇತುದಾರರಾಗಿ 2019ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗ್ ಗೆಲ್ಲಿಸಿದರು. 2021ರ ಜನವರಿಯಲ್ಲಿ ಸತತ ಸೋಲುಗಳ ನಂತರ ಅವರೂ ಹೊರಟರು. ಆಮೇಲೆ ಡೆನ್ಮಾರ್ಕಿನ ಮಿಟ್‌ಯುಲಾನ್ ಕ್ಲಬ್ಬಿನಲ್ಲಿ ಸಹಾಯಕರಾಗಿ, ಅಲ್ಲಿಂದ ಈಸ್ಟ್ ಬೆಂಗಾಲ್‌ಗೆ ಬಂದು 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದರು. ಅದೇ ಸೆಪ್ಟೆಂಬರಿನಲ್ಲಿ ಹೊಸ ಲೀಗಿನ ಮೊದಲ ಮೂರು ಪಂದ್ಯ ಸೋತು ರಾಜೀನಾಮೆ ಕೊಟ್ಟರು. ಆ ಮೂರರಲ್ಲಿ ಮೊದಲನೆಯದು ಬೆಂಗಳೂರಿನ ಎದುರೇ.

ವೆಸ್ಟ್‌ವುಡ್‌ಗೆ ಬೆಂಗಳೂರಿನ ಆಚೆ ಮೂರು ವರ್ಷದ ಅವಕಾಶ ಮತ್ತೆ ಒದಗಲಿಲ್ಲ. ಮಲೇಷ್ಯಾದ ಪೆನಾಂಗ್‌ನಲ್ಲಿ 2017ರ ಋತುವಿನ ಮಧ್ಯದಲ್ಲೇ ಕೆಲಸ ಹೋಯಿತು; ಆ ತಂಡ ಕೊನೆಯ ಸ್ಥಾನಕ್ಕೆ ಇಳಿಯಿತು. ಕೋಲ್ಕತ್ತದ ಎಟಿಕೆಯಲ್ಲಿ 2018ರ ಆರಂಭದಲ್ಲಿ ಕೆಲವು ವಾರಗಳ ತಾತ್ಕಾಲಿಕ ಹೊಣೆ, ಮುಂದೆ 2021-22ರಲ್ಲಿ ಪಂಜಾಬ್ ತಂಡ. ಅಲ್ಲಿಯೂ ಪಟ್ಟ ಬರಲಿಲ್ಲ. ಬೆಂಗಳೂರಿನ ಗೆಲುವಿನಲ್ಲಿ ಹಣದ ಪಾಲೆಷ್ಟು, ಮ್ಯಾನೇಜರನ ಪಾಲೆಷ್ಟು ಎಂದು ಕೇಳುವವರಿಗೆ ಇದು ಒಳ್ಳೆಯ ಸಾಕ್ಷಿ. ಆದರೆ ಸಮಯದ ಪಾಲನ್ನು ಆ ಲೆಕ್ಕದಲ್ಲಿ ಬಿಟ್ಟುಬಿಡುವುದು ಸರಿಯಲ್ಲ.

2023ರ ಕೊನೆಗೆ ಅವರು ಅಫ್ಘಾನಿಸ್ತಾನದ ರಾಷ್ಟ್ರೀಯ ತಂಡದ ಹೊಣೆ ಹೊತ್ತರು. ಮೊದಲ ಪಂದ್ಯದಲ್ಲೇ ಕತಾರ್ ಎದುರು 1-8ರ ಸೋಲು. ಅಲ್ಲಿನ ಫುಟ್‌ಬಾಲ್ ಸಂಸ್ಥೆಯೊಂದಿಗಿನ ಜಗಳದಿಂದ ಅನೇಕ ಹಿರಿಯ ಆಟಗಾರರು ತಂಡದಿಂದ ದೂರ ಉಳಿದಿದ್ದರು. ಇಂಥ ತಂಡವನ್ನು ಕಟ್ಟಿಕೊಂಡು 2024ರ ಮಾರ್ಚ್‌ನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಭಾರತವನ್ನು ಎದುರಿಸಬೇಕಾಯಿತು. ಭಾರತದ ಫಿಫಾ ಕ್ರಮಾಂಕ 117, ಅಫ್ಘಾನಿಸ್ತಾನದ್ದು 158. ಸೌದಿಯ ಅಭಾದಲ್ಲಿ ಗೋಲಿಲ್ಲದ ಸಮ. ಐದು ದಿನಗಳ ನಂತರ, 26ರಂದು, ಗುವಾಹಟಿಯಲ್ಲಿ ಛೆಟ್ರಿ ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯದಲ್ಲಿ ಪೆನಾಲ್ಟಿಯಿಂದ ಗೋಲು ಹೊಡೆದರು. ದ್ವಿತೀಯಾರ್ಧದಲ್ಲಿ ಅಫ್ಘನ್ನರು ಎರಡು ಗೋಲು ಹೊಡೆದು 2-1ರಿಂದ ಗೆದ್ದರು. ಭಾರತ ಮುಂದಿನ ಸುತ್ತು ತಲುಪಲಿಲ್ಲ. ಜೂನ್‌ನಲ್ಲಿ ಕೋಚ್ ಇಗೊರ್ ಸ್ಟಿಮಾಚ್ ಅವರನ್ನು ತೆಗೆಯಲಾಯಿತು.

2024ರ ಆಗಸ್ಟಿನಲ್ಲಿ ವೆಸ್ಟ್‌ವುಡ್ ಹಾಂಗ್‌ಕಾಂಗ್‌ಗೆ ಹೋದರು. 2025ರ ಜೂನ್ 10ರಂದು ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಭಾರತ ಮತ್ತೆ ಎದುರಾಯಿತು. ನಿವೃತ್ತಿಯಿಂದ ಮರಳಿದ್ದ ಛೆಟ್ರಿ ಬದಲಿ ಆಟಗಾರನಾಗಿ ಇಳಿದರು. ಹೆಚ್ಚುವರಿ ನಿಮಿಷಗಳಲ್ಲಿ ಸಿಕ್ಕ ಪೆನಾಲ್ಟಿಯಿಂದ ಹಾಂಗ್‌ಕಾಂಗ್ 1-0ರಿಂದ ಗೆದ್ದಿತು. ಹದಿನೈದು ತಿಂಗಳಲ್ಲಿ ಎರಡನೇ ಬಾರಿ ತಮ್ಮ ಹಳೆಯ ನಾಯಕನ ತಂಡವನ್ನು ಹಳೆಯ ಮ್ಯಾನೇಜರ್ ಸೋಲಿಸಿದ್ದ. ಛೆಟ್ರಿ ಯಾವಾಗ ಎಲ್ಲಿಗೆ ಓಡುತ್ತಾರೆ, ಭಾರತೀಯ ಆಟಗಾರರ ಕಾಲು ಯಾವ ಹೊತ್ತಿಗೆ ಸೋಲುತ್ತದೆ ಎಂಬುದನ್ನು ಬೆಂಗಳೂರಿನ ಮೂರು ವರ್ಷಗಳಲ್ಲಿ ದಿನಾ ನೋಡಿದ್ದವರು ಅವರು. ಆ ಅರಿವು ಅವರ ಜತೆಗೇ ದೇಶ ಬಿಟ್ಟು ಹೋಗಿತ್ತು. ವಿದೇಶಿ ಮ್ಯಾನೇಜರ್‌ಗಳಿಂದ ನಾವು ಕಲಿತದ್ದೆಷ್ಟು ಎಂದು ಕೇಳುವಷ್ಟೇ ಗಟ್ಟಿಯಾಗಿ, ನಮ್ಮ ಬಗ್ಗೆ ಅವರು ಕಲಿತದ್ದನ್ನು ಇಲ್ಲಿ ಯಾರು ಬರೆದಿಟ್ಟುಕೊಂಡರು ಎಂದೂ ಕೇಳಬೇಕಾಗಿದೆ. ಕರ್ನಾಟಕ 54 ವರ್ಷಗಳ ನಂತರ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಗೆದ್ದಾಗ ತಂಡ ನಡೆಸಿದವರು ಇಲ್ಲಿಯವರೇ ಆದ ರವಿ ಬಾಬು ರಾಜು. ಅವರ ಹೆಸರು ಬಲ್ಲವರು ವೆಸ್ಟ್‌ವುಡ್ ಹೆಸರು ಬಲ್ಲವರಿಗಿಂತ ಕಡಿಮೆ.

ಹಾಂಗ್‌ಕಾಂಗ್ ಸೋಲಿನ ಬಳಿಕ ಭಾರತದ ಕೋಚ್ ಮನೋಲೊ ಮಾರ್ಕೆಸ್ ಹೊರಟರು. 2025ರ ಆಗಸ್ಟಿನಲ್ಲಿ ಆ ಜಾಗಕ್ಕೆ ಬಂದವರು ಭಾರತೀಯರೇ ಆದ ಖಾಲಿದ್ ಜಮೀಲ್. ವೆಸ್ಟ್‌ವುಡ್ ಬೆಂಗಳೂರಿನಲ್ಲಿದ್ದಷ್ಟು ಕಾಲವೂ ಎದುರಾಳಿ ಬೆಂಚಿನಲ್ಲಿ ಮುಂಬೈ ಎಫ್‌ಸಿ ಎಂಬ ಬಡ ಕ್ಲಬ್ಬನ್ನು ನಡೆಸುತ್ತಿದ್ದವರು ಅವರು. ಅಲ್ಲಿ ಅವರಿಗೆ ಸಿಕ್ಕ ಕಾಲ ಸುಮಾರು ಏಳು ವರ್ಷ. ಅದಾದ ಮರುವರ್ಷವೇ, 2017ರಲ್ಲಿ, ಮಿಜೋರಂನ ಐಜಾಲ್ ತಂಡದೊಂದಿಗೆ ಐ-ಲೀಗ್ ಪಟ್ಟವನ್ನು ಬೆಂಗಳೂರಿನಿಂದ ಕಿತ್ತುಕೊಂಡರು. ಆದರೂ ಅಕ್ಟೋಬರಿನಲ್ಲಿ ಗೋವಾದಲ್ಲಿ ಅವರ ಭಾರತ ಸಿಂಗಪುರಕ್ಕೆ 1-2ರಿಂದ ಸೋತು ಏಷ್ಯಾ ಕಪ್ ದಾರಿ ಕಳೆದುಕೊಂಡಿತು. ನವೆಂಬರಿನಲ್ಲಿ ಅದೇ ಸಿಂಗಪುರ ಹಾಂಗ್‌ಕಾಂಗನ್ನೂ 2-1ರಿಂದಲೇ ಸೋಲಿಸಿ, ಆ ಗುಂಪಿನ ಏಕೈಕ ಸ್ಥಾನವನ್ನು ತನ್ನದಾಗಿಸಿಕೊಂಡಿತು.