ಹೊಳೆ ಅಜ್ಜಿ

ಲೀಡ್ಸ್‌ನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಇಂಗ್ಲಿಷಿನಲ್ಲಿ ಈಮೇಲ್ ಕುಟ್ಟುವ ನನ್ನಂಥವನಿಗೆ ಕನ್ನಡದಲ್ಲಿ ಬರೆಯುವುದೆಂದರೆ ಬಹಳ ದಿನದ ಮೇಲೆ ಸೈಕಲ್ ಹತ್ತಿದ ಹಾಗೆ. ಮೊದಲು ನಾಲ್ಕು ಮಾರು ಓಲಾಡುತ್ತೇನೆ, ಆಮೇಲೆ ಸರಿಹೋಗಬಹುದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇವತ್ತು ಹೇಳಹೊರಟಿರುವುದು ನನ್ನ ಮುತ್ತಜ್ಜಿಯ ವಿಷಯ.

ಆಕೆ ನನ್ನ ಅಪ್ಪನ ಅಜ್ಜಿ. ಊರವರ ಬಾಯಲ್ಲಿ ‘ಹೊಳೆ ಅಜ್ಜಿ’. ನಮ್ಮೂರು ಸಾಗರ ತಾಲ್ಲೂಕಿನಲ್ಲಿ. ತಮಾಷೆಯೆಂದರೆ ನಮ್ಮ ಮನೆಯ ಹತ್ತಿರ ಎಲ್ಲೂ ಹೊಳೆಯೇ ಇಲ್ಲ! ಮತ್ತೆ ಆ ಹೆಸರು ಯಾಕೆ ಬಂತು ಎಂದು ನಾವು ಮಕ್ಕಳು ಯಾವತ್ತೂ ಕೇಳಲಿಲ್ಲ. ಅಜ್ಜಿಯರಿಗೆ ಅಂಥ ಹೆಸರುಗಳಿರುತ್ತವೆ, ಅಷ್ಟೇ ಅಂದುಕೊಂಡಿದ್ದೆವು.

ನನಗೆ ನೆನಪಿರುವ ಹೊಳೆ ಅಜ್ಜಿಗೆ ಬೆನ್ನು ಬಾಗಿತ್ತು, ಬಾಯಲ್ಲಿ ಎರಡೇ ಹಲ್ಲು. ಸೊಂಟದಲ್ಲಿ ಕವಳದ ಸಂಚಿ. ಹಲ್ಲಿಲ್ಲದ್ದರಿಂದ ಎಲೆ ಅಡಿಕೆಯನ್ನು ಪುಟ್ಟ ಕಲ್ಲಿನಲ್ಲಿ ಕುಟ್ಟಿಕೊಡುವ ಕೆಲಸ ನನ್ನದು. ಸಂಬಳ ಒಂದು ಚೂರು ಬೆಲ್ಲ. ಬೇಸಿಗೆಯಲ್ಲಿ ಅಪ್ಪೆಮಿಡಿ ತಂದಾಗ ಅಜ್ಜಿಯದ್ದೇ ದರ್ಬಾರು. ಒಂದೊಂದು ಮಿಡಿಯ ತೊಟ್ಟು ಮುರಿದು ಮೂಗಿಗೆ ಹಿಡಿದು, “ಇದು ಅಡ್ಡಿಲ್ಲ”, “ಇದು ಬ್ಯಾಡ” ಎಂದು ವಿಂಗಡಿಸುತ್ತಿದ್ದಳು. ಕೊನೆಗೆ ಪ್ರತಿ ವರ್ಷವೂ ಅದೇ ಮಾತು: “ಎಷ್ಟಾದ್ರೂ ನಮ್ಮ ಹೊಳೆದಂಡೆ ಮಿಡಿ ಆಗ್ಲಿಲ್ಲ ಬಿಡು.” ವರ್ಷಗಟ್ಟಲೆ ಕೆಡದ ಆ ಉಪ್ಪಿನಕಾಯಿಯನ್ನು ಚಪ್ಪರಿಸಿ ತಿನ್ನುತ್ತಿದ್ದ ನಮಗೆ ಇದಕ್ಕಿಂತ ಚೆನ್ನಾಗಿರುವ ಮಿಡಿ ಇರಲು ಸಾಧ್ಯವೇ ಎನಿಸುತ್ತಿತ್ತು.

ಇನ್ನೊಂದು ಅಭ್ಯಾಸ ಇತ್ತು. ಸಂಜೆ ಜಗಲಿಯ ಬಲ್ಬು ಹತ್ತಿದ ತಕ್ಷಣ ಕೈ ಮುಗಿದು, “ಬಂದ್ಯಾ ತಾಯಿ” ಎನ್ನುತ್ತಿದ್ದಳು. ದೀಪಕ್ಕೆ ಕೈ ಮುಗಿಯುವವರು ಬಹಳ ಜನ. ಆದರೆ ಹೊಳೆ ಅಜ್ಜಿ ಬಲ್ಬನ್ನು ಮಾತನಾಡಿಸುತ್ತಿದ್ದಳು! ಮಳೆಗಾಲದಲ್ಲಿ ಕರೆಂಟು ಹೋಗಿ ಮೂರು ದಿನದ ಮೇಲೆ ಬಂದರೆ, “ಇಷ್ಟು ದಿನ ಎಲ್ಲಿದ್ಯೇ?” ಎಂಬ ವಿಚಾರಣೆಯೂ ನಡೆಯುತ್ತಿತ್ತು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನನಗೆ ಹನ್ನೊಂದು ವರ್ಷವಾಗಿದ್ದಾಗ ಅಜ್ಜಿ ಹೋದಳು. ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ಆಕೆ ಒಂದೇ ಒಂದು ವಿಷಯಕ್ಕೆ ಹಠ ಹಿಡಿದಿದ್ದಳು. “ನೀರು ಇಳಿದಿದ್ಯಂತೆ. ಒಂದ್ಸಲ ಕರ್ಕೊಂಡು ಹೋಗ್ರೋ” ಎಂದು ದಿನಾ ಹೇಳುತ್ತಿದ್ದಳು. ಅಪ್ಪನಿಗೆ ಶಾಲೆಯ ಕೆಲಸ, ಚಿಕ್ಕಪ್ಪನಿಗೆ ತೋಟದ ಕೆಲಸ. “ಮುಂದಿನ ವಾರ ಅಜ್ಜಿ” ಎನ್ನುತ್ತಾ ಎನ್ನುತ್ತಾ ಮಳೆ ಹಿಡಿಯಿತು. ಮುಂದಿನ ಬೇಸಿಗೆಗೆ ಅಜ್ಜಿ ಇರಲಿಲ್ಲ. ಎಲ್ಲಿಗೆ ಹೋಗಬೇಕಿತ್ತು, ಏನು ನೋಡಬೇಕಿತ್ತು, ನನಗೆ ತಿಳಿಯಲಿಲ್ಲ. ಆ ಬೇಸಿಗೆಯ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತಲೂ ಇಲ್ಲ.

ಆಮೇಲೆ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್, ಬೆಂಗಳೂರಿನಲ್ಲಿ ಕೆಲಸ, ಆನ್‌ಸೈಟ್ ಎಂದು ಬಂದು ಇಲ್ಲೇ ಬೇರೂರಿದ್ದು. ನಿಮ್ಮಲ್ಲಿ ಬಹಳ ಜನರ ಕಥೆಯೂ ಇದೇ ಇರಬೇಕು!

2018ರಲ್ಲಿ ನಮಗೆ ಮಗಳು ಹುಟ್ಟಿದಾಗ ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದರು. ಅಮ್ಮನಿಗೆ ಬಾಣಂತನದಲ್ಲಿ ಕೈತುಂಬ ಕೆಲಸ. ಆಗಷ್ಟೇ ಮೇಷ್ಟ್ರಗಿರಿಯಿಂದ ನಿವೃತ್ತರಾಗಿದ್ದ ಅಪ್ಪನಿಗೆ ಮಾತ್ರ ಹೊತ್ತೇ ಹೋಗುತ್ತಿರಲಿಲ್ಲ. ಆ ವರ್ಷ ಇಲ್ಲಿ ಮಳೆ ಕಡಿಮೆ. ಡರ್ಬಿಶೈರಿನ ಲೇಡಿಬವರ್ ಜಲಾಶಯದ ನೀರು ಇಳಿದು, ಮುಳುಗಿದ್ದ ಡರ್ವೆಂಟ್ ಎಂಬ ಹಳ್ಳಿಯ ಅವಶೇಷ ಮೇಲೆ ಬಂದಿದೆ ಎಂದು ಅಕ್ಟೋಬರಿನಲ್ಲಿ ಎಲ್ಲ ಪತ್ರಿಕೆಗಳಲ್ಲೂ ಸುದ್ದಿ. ಅಪ್ಪನಿಗೂ ಬದಲಾವಣೆ ಆಗಲಿ ಎಂದು ಒಂದು ಶನಿವಾರ ಕರೆದುಕೊಂಡು ಹೊರಟೆ.

ಶೆಫೀಲ್ಡ್ ದಾಟಿ ಎ57 ರಸ್ತೆ ಹಿಡಿದರೆ ಗುಡ್ಡಗಳ ನಡುವೆ ಲೇಡಿಬವರ್ ಸಿಗುತ್ತದೆ. ಶೆಫೀಲ್ಡ್, ಡರ್ಬಿ, ನಾಟಿಂಗ್‌ಹ್ಯಾಮ್, ಲೆಸ್ಟರ್ ನಗರಗಳ ನೀರಿಗಾಗಿ ಕಟ್ಟಿದ ಜಲಾಶಯ. ಡರ್ವೆಂಟ್ ಮತ್ತು ಆಶಪ್ಟನ್ ಎಂಬ ಎರಡು ಹಳ್ಳಿಗಳು ಇದರಲ್ಲಿ ಮುಳುಗಿದವು. 1945ರ ಸೆಪ್ಟೆಂಬರಿನಲ್ಲಿ ಆರನೆಯ ಜಾರ್ಜ್ ದೊರೆ ಉದ್ಘಾಟಿಸಿದರು. ನೀರಿನ ಮೇಲೆ ತಲೆಯೆತ್ತಿ ನಿಂತಿದ್ದ ಡರ್ವೆಂಟ್ ಚರ್ಚಿನ ಗೋಪುರವನ್ನು 1947ರಲ್ಲಿ ಸಿಡಿಮದ್ದಿಟ್ಟು ಕೆಡವಿದರು.

ಫೇರ್‌ಹೋಮ್ಸ್‌ನಲ್ಲಿ ಕಾರು ನಿಲ್ಲಿಸಿ ನಡೆದೆವು. ಬಿರುಕು ಬಿಟ್ಟ ಕೆಸರಿನ ನಡುವೆ ಗೋಡೆಗಳ ಬುಡ, ಕಲ್ಲಿನ ರಾಶಿ. ಜಾತ್ರೆಯ ಹಾಗೆ ಜನ. ಎಲ್ಲರ ಕೈಯಲ್ಲೂ ಕ್ಯಾಮೆರಾ. ಅಪ್ಪ ಫೋಟೋಗೆ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು: “ಇವರಿಗೆಲ್ಲ ಎಲ್ಲಿ ಜಾಗ ಕೊಟ್ರಂತೆ?”

ನಾನು ಬರುವ ಮೊದಲು ಓದಿಕೊಂಡಿದ್ದನ್ನು ಒಪ್ಪಿಸಿದೆ. ಅಣೆಕಟ್ಟಿನ ಕೆಳಗೆ ಯಾರ್ಕ್‌ಶೈರ್ ಬ್ರಿಜ್ ಎಂಬಲ್ಲಿ ಮನೆ ಕಟ್ಟಿಸಿಕೊಟ್ಟರು. ಚರ್ಚಿನ ಅಂಗಳದಲ್ಲಿ ಹೂತಿದ್ದವರನ್ನೂ ಹೊರತೆಗೆದು ಪಕ್ಕದ ಬ್ಯಾಮ್‌ಫರ್ಡ್‌ನಲ್ಲಿ ಮತ್ತೆ ಮಣ್ಣು ಮಾಡಿದರು. ಹಳೆಯ ಕಲ್ಲುಸೇತುವೆಯನ್ನು ಕೂಡ ಕಲ್ಲು ಕಲ್ಲು ಬಿಚ್ಚಿ ಮೇಲ್ಗಡೆ ಮತ್ತೆ ಜೋಡಿಸಿದ್ದಾರೆ.

“ಸತ್ತವರನ್ನೂ ಕರ್ಕೊಂಡು ಹೋದ್ರು ಅನ್ನು” ಎಂದ ಅಪ್ಪ, ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟೆ. ಆಗ ಶುರುವಾಯಿತು ನೋಡಿ, ಇಪ್ಪತ್ತೊಂಬತ್ತು ವರ್ಷ ನಾನು ಕೇಳದೇ ಇದ್ದ ಕಥೆ.

ಹೊಳೆ ಅಜ್ಜಿಯ ತವರೂ ಗಂಡನ ಮನೆಯೂ ಶರಾವತಿಯ ದಂಡೆಯಲ್ಲಿದ್ದವು. ಜೋಗದಲ್ಲಿ ವಿದ್ಯುತ್ ತೆಗೆಯಲು ಹಿರೇಭಾಸ್ಕರದಲ್ಲಿ ಮೊದಲ ಅಣೆಕಟ್ಟು ಕಟ್ಟಿದಾಗ, 1948ರ ಹೊತ್ತಿಗೆ, ತವರು ಮುಳುಗಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಗಂಡನ ಮನೆ ಮುಳುಗಿತು. ಆ ಹಿರೇಭಾಸ್ಕರ ಅಣೆಕಟ್ಟೆಯೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದೆ. ನೀರು ತೀರಾ ಇಳಿದ ವರ್ಷ ಮೇಲೆ ಕಾಣುತ್ತದೆ. ಅಪ್ಪನಿಗೆ ಆಗ ಏಳು ವರ್ಷ. ಲಾರಿಯಲ್ಲಿ ಪಾತ್ರೆ, ಪೆಟ್ಟಿಗೆ, ಬಿಚ್ಚಿದ ಹಂಚು, ಬಾಗಿಲು, ತೊಲೆ ಎಲ್ಲ ತುಂಬಿದ್ದರು. ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ, ಅಜ್ಜಿ ಮಾತ್ರ ಪತ್ತೆಯಿಲ್ಲ. ಅಪ್ಪ ಹುಡುಕಿಕೊಂಡು ಒಳಗೆ ಓಡಿದರೆ, ಮಾಡಿಲ್ಲದ ಮನೆಯ ಅಂಗಳಕ್ಕೆ ಅಜ್ಜಿ ಸಗಣಿ ಹಾಕಿ ಸಾರಿಸುತ್ತಿದ್ದಳಂತೆ! ಆಮೇಲೆ ರಂಗೋಲಿ ಎಳೆದು, ತುಳಸಿಕಟ್ಟೆಗೆ ದೀಪ ಹಚ್ಚಿಟ್ಟಳಂತೆ. ಮುಳುಗುವ ಮನೆಗೆ ಇದೆಲ್ಲ ಯಾಕೆ ಎಂದು ಯಾರೋ ರೇಗಿದ್ದಕ್ಕೆ, “ಗಂಗೆ ಮನೆಗೆ ಬರ್ತಾಳೆ ಅಂದ್ಮೇಲೆ ಅಂಗಳ ಹೊಲಸಿರಬಾರ್ದು” ಎಂದು ಹೇಳಿ ಲಾರಿ ಹತ್ತಿದಳಂತೆ.

ಕೊಟ್ಟ ಜಾಗ ಕಾಡು. ಮರ ಕಡಿದು, ಗದ್ದೆ ಮಾಡಿ, ಮತ್ತೆ ಮೊದಲಿನಿಂದ ಬದುಕು. ನಮ್ಮದು ಹೇಗೋ ನೆಲೆ ನಿಂತಿತು. ಆದರೆ ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳ ಭೂಮಿಯ ಹಕ್ಕಿನ ತಕರಾರು 60 ವರ್ಷ ಕಳೆದರೂ ಮುಗಿಯಲಿಲ್ಲ ಎನ್ನುವುದು ನಿಮಗೂ ಗೊತ್ತಿರಬಹುದು. ಊರು ಕೊಟ್ಟವರ ಹೊಸ ಮನೆಗೆ ಕರೆಂಟು ಬಂದದ್ದು ಯಾವಾಗ ಗೊತ್ತೇ? ಅಪ್ಪ ಕಾಲೇಜಿಗೆ ಸೇರಿದ ಮೇಲೆ! ಮೊದಲ ದಿನ ಬಲ್ಬು ಹತ್ತಿದಾಗ ಅಜ್ಜಿ ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, “ನಮ್ಮ ಹೊಳೆಯೇ ಅಲ್ವನೋ ಇದು?” ಎಂದು ಕೇಳಿದಳಂತೆ. ಅಪ್ಪ ಹೌದು ಎಂದರು. ಅವತ್ತಿನಿಂದ ಆ “ಬಂದ್ಯಾ ತಾಯಿ”.

ಇಷ್ಟು ಹೇಳಿ ಅಪ್ಪ ಕನ್ನಡಕ ಒರೆಸಿಕೊಂಡರು. “ಅವತ್ತು ಕರ್ಕೊಂಡು ಹೋಗ್ಬೇಕಿತ್ತು ಮಗಾ. ಆ ಅಂಗಳ ನೋಡೋ ಆಸೆ ಇತ್ತು ಅವಳಿಗೆ. ಅರ್ಧ ದಿನದ ಕೆಲಸ. ನಾನು ರಜೆ ಹಾಕ್ಲಿಲ್ಲ. ಈಗ ನೋಡು, ಯಾರದ್ದೋ ಊರು ನೋಡೋಕೆ ಇಷ್ಟು ದೂರ ಬಂದಿದೀನಿ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅದುವರೆಗೆ ಬಲ್ಬಿನ ಕಥೆಯನ್ನು ಜೋಕಿನ ಹಾಗೆ ಗೆಳೆಯರ ಮುಂದೆ ಹೇಳುತ್ತಿದ್ದವನು ನಾನು. ಗ್ರಿಡ್‌ನಲ್ಲಿ ಎಲ್ಲ ವಿದ್ಯುತ್ತೂ ಬೆರೆತುಹೋಗುತ್ತದೆ, ಯಾವ ಬಲ್ಬಿಗೆ ಯಾವ ನದಿ ಎಂದು ಹೇಳಲಾಗದು ಎಂಬ ಬುದ್ಧಿವಂತಿಕೆಯೂ ನನ್ನಲ್ಲಿತ್ತು. ಆದರೆ ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟಿನದು. ದಶಕಗಟ್ಟಲೆ ರಾಜ್ಯದ ಬಹುಪಾಲು ದೀಪ ಉರಿದದ್ದು, ಬೆಂಗಳೂರಿನ ಕಾರ್ಖಾನೆಗಳು ನಡೆದದ್ದು ಆ ನೀರಿನಿಂದ. ನಾನು ಕೋಡಿಂಗ್ ಕಲಿತ ಕಂಪ್ಯೂಟರಿಗೂ ಅದರ ಪಾಲು ಸಿಕ್ಕಿರಲೇಬೇಕು. ಲೆಕ್ಕ ಹಾಕಿದರೆ ಅಜ್ಜಿ ಹೇಳಿದ್ದರಲ್ಲಿ ತಪ್ಪೇನಿತ್ತು?

ವಾಪಸ್ ಬರುವಾಗ ಅಪ್ಪ ಮುಳುಗಿದ ಮನೆಯನ್ನು ಕೋಣೆ ಕೋಣೆಯಾಗಿ ಹೇಳಿದರು. ಲೀಡ್ಸ್ ತಲುಪಿದ ಮೇಲೆ ಕಾಗದ ಪೆನ್ಸಿಲ್ ಕೊಟ್ಟು ನಕ್ಷೆ ಬರೆಸಿದೆ. ಜಗಲಿ, ನಡುಮನೆ, ಬಚ್ಚಲು, ಕೊಟ್ಟಿಗೆ, ತುಳಸಿಕಟ್ಟೆ, ಹೊಳೆಗೆ ಇಳಿಯುವ ದಾರಿ, ದಂಡೆಯ ಮೇಲೆ ಅಪ್ಪೆಮಿಡಿ ಮರ. ಮೇಷ್ಟ್ರಲ್ಲವೇ, ಅಡಿಕೋಲು ಹಿಡಿದೇ ಗೆರೆ ಎಳೆದರು! ಆ ನಕ್ಷೆಗೆ ಫ್ರೇಮ್ ಹಾಕಿಸಿ ಗೋಡೆಗೆ ಹಾಕಿದ್ದೇವೆ. ಈಗ ಏಳು ವರ್ಷದ ನನ್ನ ಮಗಳು ಅದರ ಮುಂದೆ ನಿಂತು ಯಾರ್ಕ್‌ಶೈರ್ ರಾಗದ ಕನ್ನಡದಲ್ಲಿ, “ಹೊಳೆ ಅಜ್ಜಿ ಎಲ್ಲಿ ಮಲಗ್ತಿದ್ರು?” ಎಂದು ಕೇಳುತ್ತಾಳೆ. ನನಗೆ ಗೊತ್ತಿಲ್ಲದಿದ್ದರೆ ಊರಿಗೆ ವಿಡಿಯೋ ಕಾಲ್. ಕೆಲವು ಪ್ರಶ್ನೆಗೆ ಅಪ್ಪನಿಗೂ ಉತ್ತರ ನೆನಪಿಲ್ಲ. ಅದನ್ನು ಹೇಳಬಲ್ಲವರು ಇನ್ನು ಯಾರೂ ಉಳಿದಿಲ್ಲ.

ಬರ್ಮಿಂಗ್‌ಹ್ಯಾಮಿನ ಸ್ನೇಹಿತರೇ, ನಿಮ್ಮ ನಲ್ಲಿಯ ನೀರು ವೇಲ್ಸಿನ ಎಲಾನ್ ಕಣಿವೆಯದು. ಮ್ಯಾಂಚೆಸ್ಟರಿನವರೇ, ನಿಮಗಾಗಿ ಹಾಸ್‌ವಾಟರ್‌ನಲ್ಲಿ ಮಾರ್ಡೇಲ್ ಎಂಬ ಹಳ್ಳಿ ಮುಳುಗಿದೆ. ನಮ್ಮ ಬಳಗದಲ್ಲೂ ಕನ್ನಂಬಾಡಿ, ಹೇಮಾವತಿ, ಸೂಪಾ, ಆಲಮಟ್ಟಿ, ಲಿಂಗನಮಕ್ಕಿಯ ನೀರಿನಡಿ ಮನೆ ಬಿಟ್ಟುಬಂದ ಅಜ್ಜಿಯರ ಮೊಮ್ಮಕ್ಕಳು, ಮರಿಮಕ್ಕಳು ಇದ್ದೇ ಇರುತ್ತೀರಿ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ, ಊಟ ಆಯ್ತಾ, ಮಳೆ ಬಂತಾ ಎಂದಾದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: “ಹಳೇ ಮನೆ ಹೇಗಿತ್ತು?” ಫೋನಿನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಗುವುದಾದರೆ ನಮಗೂ ಬರೆದು ಕಳಿಸಿ.

ಮುಂದಿನ ವಾರ ಎನ್ನಬೇಡಿ. ನಮ್ಮ ಮನೆಯಲ್ಲಿ ಹಾಗೆ ಅಂದು ಕೆಟ್ಟಿದ್ದೇವೆ.