ಆಡುವವರು ಬಹಳ, ಹಚ್ಚಿಕೊಂಡವರು ವಿರಳ

ಜಗತ್ತಿನ ಬಹುಪಾಲು ದೇಶಗಳು ಫುಟ್‌ಬಾಲ್ ಎಂದೂ ಅಮೆರಿಕನ್ನರು ಸಾಕರ್ ಎಂದೂ ಕರೆಯುವ ಆಟವು ಅಮೆರಿಕದ ಪ್ರೇಕ್ಷಕರ ಮನಸ್ಸನ್ನು ಗೆಲ್ಲಲು ಇಷ್ಟು ಹೆಣಗಬೇಕಾಗಿ ಬಂದುದೇಕೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ, ಗೋಲುಗಳ ಕೊರತೆ. ತೊಂಬತ್ತು ನಿಮಿಷ ನಡೆದೂ ಸೊನ್ನೆ–ಸೊನ್ನೆಯಲ್ಲಿ ಮುಗಿಯಬಹುದಾದ ಪಂದ್ಯವನ್ನು ಅಮೆರಿಕನ್ನರು ಸಹಿಸಲಾರರು ಎಂಬ ಈ ವಾದ ಕೇಳಲು ಸಲೀಸಾಗಿದೆಯಾದರೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿಯತ್ತ ನುಗ್ಗುವ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಗಡಿ ದಾಟಿಸಿದ್ದಕ್ಕೆ ಆರು ಅಂಕ, ಅದರ ಬೆನ್ನಿಗೇ ಹೊಡೆಯುವ ಒದೆತಕ್ಕೆ ಸಾಮಾನ್ಯವಾಗಿ ಇನ್ನೊಂದು ಅಂಕ ಸಿಗುವುದರಿಂದ, ಫಲಕದ ಮೇಲಿನ 14–7 ಎಂಬುದು ಹೆಚ್ಚಿನ ಸಲ 2–1ರ ಇನ್ನೊಂದು ರೂಪವಷ್ಟೆ. 1–0ರಲ್ಲಿ ಮುಗಿದ ಬೇಸ್‌ಬಾಲ್ ಪಂದ್ಯವನ್ನು ಅದೇ ಪ್ರೇಕ್ಷಕರು ಎಸೆತಗಾರರ ಕೌಶಲವೆಂದು ಕೊಂಡಾಡುತ್ತಾರೆ. ಆದ್ದರಿಂದ ಕಾರಣವನ್ನು ಆಟದ ಸ್ವಭಾವಕ್ಕಿಂತ ಹೆಚ್ಚಾಗಿ ಇತಿಹಾಸದಲ್ಲಿ ಹುಡುಕಬೇಕಾಗುತ್ತದೆ.

ಆಂಡ್ರೇ ಮಾರ್ಕೋವಿಟ್ಸ್ ಮತ್ತು ಸ್ಟೀವನ್ ಹೆಲ್ಲರ್‌ಮನ್ ಎಂಬ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದು ಸಮಾಜವು ಪ್ರೇಕ್ಷಕನಾಗಿ ಹಚ್ಚಿಕೊಳ್ಳುವ ಆಟಗಳಿಗೆ ಅದರ ಬದುಕಿನಲ್ಲಿರುವ ಜಾಗ ಸೀಮಿತವಾದುದೆಂದೂ, ಅಮೆರಿಕದಲ್ಲಿ ಆ ಜಾಗ ಸುಮಾರು 1870ರಿಂದ 1930ರವರೆಗಿನ ಕೈಗಾರಿಕೀಕರಣದ ಅವಧಿಯಲ್ಲೇ ತುಂಬಿಹೋಯಿತೆಂದೂ ವಾದಿಸಿದ್ದಾರೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದವರಂತೆ ಬೇಸ್‌ಬಾಲ್ 1876ರಲ್ಲೇ ನ್ಯಾಷನಲ್ ಲೀಗ್ ಕಟ್ಟಿಕೊಂಡು ಬೇಸಿಗೆಯನ್ನು ಹಿಡಿದುಕೊಂಡಿತು. ಶರತ್ಕಾಲದ ಭವಿಷ್ಯವನ್ನು ನಿರ್ಧರಿಸಿದ್ದು ಕಾಲೇಜುಗಳು. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆದ ಪ್ರಸಿದ್ಧ ಪಂದ್ಯ ಸಾಕರ್‌ಗೇ ಹತ್ತಿರವಾಗಿತ್ತು. ಆದರೆ 1873ರಲ್ಲಿ ಇತರ ಕಾಲೇಜುಗಳು ಅಂಥ ನಿಯಮಗಳನ್ನು ಒಪ್ಪಲು ಸೇರಿದಾಗ ದೂರ ಉಳಿದ ಹಾರ್ವರ್ಡ್, ಮರುವರ್ಷ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದೊಡನೆ ರಗ್ಬಿ ಆಡಿ ಅದನ್ನೇ ಮೆಚ್ಚಿಕೊಂಡಿತು, 1876ರ ಹೊತ್ತಿಗೆ ಉಳಿದವರೂ ಅದರ ಹಿಂದೆ ಹೋದರು, ಆ ರಗ್ಬಿಯೇ ಮಾರ್ಪಾಡಾಗಿ ಅಮೆರಿಕನ್ ಫುಟ್‌ಬಾಲ್ ಆಯಿತು. ಚಳಿಗಾಲಕ್ಕೆ ಜೇಮ್ಸ್ ನೈಸ್ಮಿತ್ 1891ರಲ್ಲಿ ಬಾಸ್ಕೆಟ್‌ಬಾಲ್ ರೂಪಿಸಿಕೊಟ್ಟರು. ಈ ನೂಕುನುಗ್ಗಲಿನಲ್ಲಿ ಹೊರಬಿದ್ದದ್ದು ಸಾಕರ್ ಒಂದೇ ಅಲ್ಲ. 1844ರಲ್ಲಿ ನ್ಯೂಯಾರ್ಕ್‌ನಲ್ಲಿ ಕೆನಡಾದ ವಿರುದ್ಧ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯವನ್ನಾಡಿದ ದೇಶವೂ ಅಮೆರಿಕವೇ ಎಂಬುದು ಇಂದು ನಂಬಲು ಕಷ್ಟವಾಗುವ ಸಂಗತಿ.

ಸಾಕರ್ ಅಲ್ಲಿ ಇರಲೇ ಇಲ್ಲ ಎಂದು ಇದರ ಅರ್ಥವಲ್ಲ. 1921ರಲ್ಲಿ ಆರಂಭವಾದ ಅಮೆರಿಕನ್ ಸಾಕರ್ ಲೀಗ್‌ನಲ್ಲಿ ಬೆತ್ಲೆಹೆಮ್‌ನ ಉಕ್ಕಿನ ಕಾರ್ಖಾನೆಯ ತಂಡವೂ ಬಟ್ಟೆ ಗಿರಣಿಗಳ ಊರಾದ ಫಾಲ್ ರಿವರ್‌ನ ತಂಡವೂ ಸ್ಕಾಟ್ಲೆಂಡಿನ ಆಟಗಾರರನ್ನು ಸಂಬಳ ತೋರಿಸಿ ಕರೆತರುವಷ್ಟು ಬಲವಾಗಿದ್ದವು. 1930ರ ಮೊದಲ ವಿಶ್ವಕಪ್‌ನಲ್ಲಿ ಅಮೆರಿಕ ಸೆಮಿಫೈನಲ್ ತಲುಪಿತು. ಆದರೆ 1928ರಲ್ಲಿ ಲೀಗ್‌ಗೂ ರಾಷ್ಟ್ರೀಯ ಸಂಸ್ಥೆಗೂ ಹತ್ತಿಕೊಂಡ ಜಗಳ ಮತ್ತು ಅದರ ಬೆನ್ನಲ್ಲೇ ಬಂದ ಆರ್ಥಿಕ ಮಹಾಕುಸಿತ ಆ ಲೀಗನ್ನು ಮುಗಿಸಿದವು. ಉಳಿದದ್ದು ವಲಸಿಗರ ಸಂಘಗಳ ಆಟ. ವಲಸಿಗರ ಮಕ್ಕಳಾದರೋ ತಾವು ಅಮೆರಿಕನ್ನರೆಂದು ತೋರಿಸಿಕೊಳ್ಳಲು ಬೇಸ್‌ಬಾಲ್‌ನತ್ತ ತಿರುಗುತ್ತಿದ್ದ ಕಾಲವದು. 1950ರ ವಿಶ್ವಕಪ್‌ನಲ್ಲಿ ಬೆಲೊ ಹೊರಿಜಾಂಟೆಯಲ್ಲಿ ಇಂಗ್ಲೆಂಡನ್ನು 1–0ಯಿಂದ ಮಣಿಸಿದ ಅಮೆರಿಕದ ತಂಡವು ಮುಂದಿನ ವಿಶ್ವಕಪ್‌ಗೆ ಅರ್ಹತೆ ಪಡೆಯಲು 1990ರವರೆಗೆ ಕಾಯಬೇಕಾಯಿತು.

ಟೆಲಿವಿಷನ್ ಬಂದ ಮೇಲೆ ತೊಡಕು ಹೆಚ್ಚಿತು. ಅಮೆರಿಕದ ವಾಹಿನಿಗಳು ಬದುಕುವುದು ಜಾಹೀರಾತಿನಿಂದ, ಅಲ್ಲಿನ ಜನಪ್ರಿಯ ಆಟಗಳೆಲ್ಲ ನಿಂತು ನಿಂತು ಸಾಗುವಂಥವು. ಸಾಕರ್‌ನಲ್ಲಿ ನಲವತ್ತೈದು ನಿಮಿಷ ಗಡಿಯಾರವೇ ನಿಲ್ಲುವುದಿಲ್ಲ. 1967ರಲ್ಲಿ ಸಿಬಿಎಸ್ ವಾಹಿನಿ ತೋರಿಸಿದ ಪಂದ್ಯಗಳಲ್ಲಿ, ಜಾಹೀರಾತಿಗೆ ಬಿಡುವು ಸಿಗಲೆಂದೇ ಕೆಲವು ಫೌಲ್‌ಗಳನ್ನು ಘೋಷಿಸಿದ್ದಾಗಿ ರೆಫರಿಯೊಬ್ಬರು ಒಪ್ಪಿಕೊಂಡದ್ದುಂಟು. 1975ರಲ್ಲಿ ಪೆಲೆ ನ್ಯೂಯಾರ್ಕ್ ಕಾಸ್ಮೋಸ್ ಸೇರಿದಾಗ ಜನ ಮುಗಿಬಿದ್ದು ಬಂದರು, 1977ರ ಆಗಸ್ಟ್‌ನ ಒಂದು ಪಂದ್ಯಕ್ಕೆ 77 ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರು. ಆದರೆ ಅವರು ಬಂದದ್ದು ಪೆಲೆಯನ್ನು ನೋಡಲೇ ಹೊರತು ಆ ತಂಡ ಆಡುತ್ತಿದ್ದ ಲೀಗನ್ನು ನೋಡಲಲ್ಲವೆಂಬುದು 1984ರ ಋತುವಿನ ನಂತರ ಆ ಲೀಗ್ ಮುಚ್ಚಿದಾಗ ಸ್ಪಷ್ಟವಾಯಿತು. 1994ರ ವಿಶ್ವಕಪ್‌ನ ಆತಿಥ್ಯಕ್ಕೆ ಪ್ರತಿಯಾಗಿ ಕಟ್ಟಿದ ಮೇಜರ್ ಲೀಗ್ ಸಾಕರ್ 1996ರಲ್ಲಿ ಆರಂಭವಾದಾಗ, ಗಡಿಯಾರವನ್ನು ಹಿಮ್ಮುಖವಾಗಿ ಓಡಿಸಿ, ಸಮಬಲದ ಪಂದ್ಯಗಳನ್ನು ಗೋಲ್‌ಕೀಪರ್‌ಗೆ ಒಬ್ಬೊಬ್ಬರೇ ಎದುರಾಗುವ ಶೂಟೌಟ್‌ನಿಂದ ತೀರ್ಮಾನಿಸಿ ಅಮೆರಿಕನ್ ರುಚಿಗೆ ಒಗ್ಗಿಸಲು ನೋಡಿತು. ಹೊಸಬರು ಒಲಿಯಲಿಲ್ಲ, ಇದ್ದ ಅಭಿಮಾನಿಗಳು ಮುಖ ಸಿಂಡರಿಸಿದರು, 1999ರ ಋತುವಿನೊಡನೆ ಆ ಪ್ರಯೋಗ ಮುಗಿಯಿತು.

ಇಷ್ಟಾದರೂ ಮಕ್ಕಳು ಅಪಾರ ಸಂಖ್ಯೆಯಲ್ಲಿ ಆಡುವ ಆಟಗಳಲ್ಲಿ ಸಾಕರ್ ಒಂದೆಂಬುದು ಒಗಟಿನಂತೆ ತೋರುತ್ತದೆ. ಆಡುವುದು ಬೇರೆ, ಹಚ್ಚಿಕೊಳ್ಳುವುದು ಬೇರೆ ಎಂಬುದನ್ನು ಮರೆತಾಗ ಮಾತ್ರ ಅದು ಒಗಟು. ಒಂದು ತಂಡದ ಮೇಲಿನ ನಿಷ್ಠೆ ತಂದೆಯಿಂದ ಮಗನಿಗೆ, ಊರಿನಿಂದ ಊರಿನವರಿಗೆ, ದಿನಪತ್ರಿಕೆಯಿಂದ ಓದುಗರಿಗೆ ದಾಟುತ್ತ ಬಂದುದರಿಂದ, ಉಪನಗರಗಳಲ್ಲಿ ತಂದೆತಾಯಿ ದುಬಾರಿ ಶುಲ್ಕ ತೆತ್ತು ಸಾಕರ್‌ಗೆ ಸೇರಿಸಿದ ಮಗುವೂ ಭಾನುವಾರ ಮನೆಯವರೊಡನೆ ಕುಳಿತು ನೋಡುತ್ತಿದ್ದುದು ಅಮೆರಿಕನ್ ಫುಟ್‌ಬಾಲನ್ನೇ. ಮಹಿಳೆಯರ ಸಾಕರ್‌ನ ಕಥೆ ಈ ವಾದಕ್ಕೆ ಎದುರು ದಿಕ್ಕಿನಿಂದ ಬಲ ಕೊಡುತ್ತದೆ. ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ಕಾನೂನು ಹುಡುಗಿಯರಿಗೆ ಮೈದಾನ ತೆರೆದಾಗ, ಅಲ್ಲಿ ಮೊದಲೇ ಬೇರೂರಿದ ಅಮೆರಿಕನ್ ಫುಟ್‌ಬಾಲ್ ಇರಲಿಲ್ಲ. ಆ ತೆರವಿನಲ್ಲಿ ಸಾಕರ್ ಬೆಳೆದು, ಮಹಿಳಾ ತಂಡ 1991, 1999, 2015 ಮತ್ತು 2019ರಲ್ಲಿ ವಿಶ್ವಕಪ್ ಗೆದ್ದಿತು, 1999ರ ಫೈನಲ್‌ಗೆ ರೋಸ್ ಬೌಲ್‌ನಲ್ಲಿ 90,185 ಜನ ನೆರೆದರು.

ಈಗಿನ ಅಡಚಣೆ ಬೇರೆ ಬಗೆಯದು. ಅಮೆರಿಕನ್ ಫುಟ್‌ಬಾಲ್, ಬೇಸ್‌ಬಾಲ್, ಬಾಸ್ಕೆಟ್‌ಬಾಲ್‌ಗಳಲ್ಲಿ ಜಗತ್ತಿನ ಅತ್ಯುತ್ತಮ ಲೀಗ್ ತನ್ನ ನೆಲದಲ್ಲೇ ಇರುವುದಕ್ಕೆ ಒಗ್ಗಿದ ಪ್ರೇಕ್ಷಕನಿಗೆ, ಸಾಕರ್‌ನಲ್ಲಿ ಮಾತ್ರ ಅತ್ಯುತ್ತಮವಾದುದು ಯುರೋಪಿನಲ್ಲಿದೆ. ಹಾಗಾಗಿ ಆಟಕ್ಕೆ ನಿಜವಾಗಿ ಮನಸೋತವನು ಶನಿವಾರ ಬೆಳಿಗ್ಗೆ ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡುತ್ತಾನೆ, ಮೆಕ್ಸಿಕೊ ಮೂಲದ ಕುಟುಂಬಗಳು ಸ್ಪ್ಯಾನಿಷ್ ವಾಹಿನಿಗಳಲ್ಲಿ ಮೆಕ್ಸಿಕೊದ ಲೀಗ್ ನೋಡುತ್ತವೆ. ಲಿಯೊನೆಲ್ ಮೆಸ್ಸಿ 2023ರಲ್ಲಿ ಇಂಟರ್ ಮಯಾಮಿ ಸೇರಿದ ಮೇಲೂ, ತಂಡಗಳ ಸಂಖ್ಯೆ 30ಕ್ಕೆ ಏರಿದ ಮೇಲೂ, ದೇಶೀಯ ಲೀಗ್ ತನ್ನದೇ ಆಟದ ಅಭಿಮಾನಿಗಳಲ್ಲಿ ಹಲವರನ್ನು ಹೊರದೇಶಗಳ ಲೀಗ್‌ಗಳಿಂದ ಬಿಡಿಸಿಕೊಳ್ಳಲಾಗದೆ ನಿಂತಿದೆ. ವಸಂತದಿಂದ ಶರತ್ಕಾಲದವರೆಗಿನ ತನ್ನ ಋತುವನ್ನು 2027ರಿಂದ ಯುರೋಪಿನ ಪಂಚಾಂಗಕ್ಕೆ ಹೊಂದಿಸಲು ಅದು ತೀರ್ಮಾನಿಸಿರುವುದರ ಹಿಂದೆ ಈ ಲೆಕ್ಕವೂ ಇದೆ. ಆಗ ನಿರ್ಣಾಯಕ ಪಂದ್ಯಗಳು ಅಮೆರಿಕನ್ ಫುಟ್‌ಬಾಲ್‌ನ ತಿಂಗಳುಗಳಿಂದ ತಪ್ಪಿಸಿಕೊಂಡು ಮೇ ತಿಂಗಳಿಗೆ ಸರಿಯುತ್ತವೆ, ಅಲ್ಲಿ ಬಾಸ್ಕೆಟ್‌ಬಾಲ್‌ನ ಪ್ಲೇಆಫ್ ಪಂದ್ಯಗಳನ್ನು ಎದುರಿಸಬೇಕಾಗುತ್ತದೆ.