ಮಲಗದ ಬಳ್ಳಿ

ನಾನು ಸಾಗರದ ಕಡೆಯ ಅಡಿಕೆ ತೋಟದಲ್ಲಿ ಬೆಳೆದವಳು. ಅಡಿಕೆ ಮರಕ್ಕಿರುವುದು ಒಂದೇ ಸುಳಿ. ಅದನ್ನು ಕಡಿದರೆ ಮರದ ಕಥೆ ಮುಗಿಯಿತು. ಮದುವೆಯಾಗಿ ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಗೆ ಬಂದ ಮೊದಲ ವರ್ಷ, ಏಪ್ರಿಲ್ಲಿನ ರಣಬಿಸಿಲಲ್ಲಿ ಇಡೀ ದ್ರಾಕ್ಷಿ ಪಡವನ್ನು ಬೋಳು ಮಾಡಿದ್ದು ಕಂಡು ಎದೆ ಧಸಕ್ಕೆಂದಿತ್ತು. ಅಕ್ಟೋಬರಿನಲ್ಲಿ ಅದೇ ಪಡಕ್ಕೆ ಮತ್ತೆ ಕತ್ತರಿ ಬಿದ್ದಾಗ ಮಾವನವರನ್ನು ಕೇಳಿಯೇಬಿಟ್ಟೆ: ಒಂದು ಬೆಳೆಗೆ ಎರಡು ಚಾಟ್ನಿ (ಇಲ್ಲಿನವರು ಸವರುವುದಕ್ಕೆ ಹೇಳುವ ಮಾತು) ಯಾಕೆ?

"ನಮ್ಮ ಬಳ್ಳಿ ಮಲಗೂದಿಲ್ಲ ಯವ್ವಾ," ಅಂದರು. "ನಾವ ಮಲಗಸಬೇಕು, ನಾವ ಎಬ್ಬಸಬೇಕು."

ಇಟಲಿ, ಫ್ರಾನ್ಸ್‌ಗಳಲ್ಲಿ ಚಳಿಗೆ ಎಲೆಯುದುರಿಸಿ ಬಳ್ಳಿ ತಾನೇ ನಿದ್ದೆಗೆ ಜಾರುತ್ತದೆ. ಆ ನಿದ್ದೆಯಲ್ಲೇ ಒಮ್ಮೆ ಸವರುತ್ತಾರೆ. ವಿಜಯಪುರದ ಚಳಿ ನಮಗೆ ಸ್ವೆಟರ್ ಹಾಕಿಸೀತು, ಬಳ್ಳಿಯನ್ನು ಮಲಗಿಸಲಾರದು.

ಹಾಗಾಗಿ ಏಪ್ರಿಲ್ಲಿನಲ್ಲಿ ಹಳೆಯ ಕಡ್ಡಿಗಳನ್ನು ಬುಡದ ಒಂದೆರಡು ಕಣ್ಣು ಬಿಟ್ಟು ಕಡಿಯುತ್ತಾರೆ. ಹೊಸ ಕಡ್ಡಿ ಬೇಸಿಗೆಯಲ್ಲಿ ಬೆಳೆಯುತ್ತದೆ. ಮೊದಲ 40ರಿಂದ 60 ದಿನಗಳಲ್ಲಿ ಕಣ್ಣುಗಳ ಒಳಗೆ ಮುಂದಿನ ಫಲ ನಿಶ್ಚಯವಾಗಿಬಿಡುತ್ತದೆ. ದ್ರಾಕ್ಷಿಯ ಗೊನೆಯೂ, ಬಳ್ಳಿ ತಂತಿಗೆ ಸುತ್ತಿಕೊಳ್ಳುವ ಕುಡಿಯೂ ಹುಟ್ಟುವುದು ಒಂದೇ ಮೂಲದಿಂದ. ಬಿಸಿಲು ಚೆನ್ನಾಗಿ ಬಿದ್ದರೆ ಗೊನೆ. ಮೋಡ ಕವಿದರೆ, ಕಡ್ಡಿಗಳು ಒತ್ತೊತ್ತಾಗಿ ನೆರಳಾದರೆ ಬರೀ ಕುಡಿ. ನಾನು ಬೈದುಕೊಂಡ ಆ ರಣಬಿಸಿಲೇ ಇಲ್ಲಿ ಬಂಡವಾಳ!

ಅಕ್ಟೋಬರ್ ಚಾಟ್ನಿಗೆ ಮೊದಲು ಕಡ್ಡಿಗಳನ್ನು ಪರೀಕ್ಷೆಗೆ ಒಯ್ಯುತ್ತಾರೆ. ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ನಾನೂ ಇಣುಕಿದೆ. ಸಾಸಿವೆಗಿಂತ ಸಣ್ಣದು, ಆದರೆ ಗೊನೆಯೇ. ಆ ವರ್ಷ ನಮ್ಮ ಪಡದಲ್ಲಿ ಅದು ಸಿಕ್ಕಿದ್ದು ಆರು, ಏಳನೆಯ ಕಣ್ಣುಗಳಲ್ಲಿ. ಮೂರಕ್ಕೇ ಕತ್ತರಿಸಿದ್ದರೆ ವರ್ಷದ ಫಸಲು ನೆಲದ ಮೇಲಿರುತ್ತಿತ್ತು.

ಕತ್ತರಿಸಿದ ಒಂದೆರಡು ದಿನದೊಳಗೆ ಎಬ್ಬಿಸುವ ಕೆಲಸ. ತುದಿಯ ಕಣ್ಣುಗಳಿಗೆ ಹೈಡ್ರೋಜನ್ ಸಯನಮೈಡ್ ಲೇಪಿಸುತ್ತಾರೆ. ಎಲ್ಲರ ಬಾಯಲ್ಲೂ ಅದು 'ಪೇಸ್ಟ್'. ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಲಿ ಎಂದು. ಕೈಗವಸು ಬೇಕೇ ಬೇಕು. ಅದಕ್ಕಿಂತ ಗಟ್ಟಿಯಾಗಿ ಮಾವ ಹೇಳುವುದು, ಪೇಸ್ಟ್ ಹಚ್ಚಿದವರು ಕುಡಿಯಬಾರದು ಎಂದು. ಮೈಯೊಳಗೆ ಮದ್ಯ ಕರಗುವ ದಾರಿಯನ್ನೇ ಈ ಔಷಧ ಕಟ್ಟಿಹಾಕುತ್ತದೆ. ಮುಖ ಕೆಂಪೇರಿ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಆ ವಾರ ನಮ್ಮ ಆಳುಗಳ ಹೆಂಡಂದಿರಿಗೆ ನೆಮ್ಮದಿ.

ಬೇಗ ಕತ್ತರಿಸಿದರೆ ಮಾರುಕಟ್ಟೆಗೆ ಮೊದಲು ಹೋಗಬಹುದು. ಆದರೆ ಹಿಂಗಾರು ಮಳೆ ಎಳೆ ಚಿಗುರಿನ ಮೇಲೆ ಬಿದ್ದರೆ ಡೌನಿ ರೋಗ ಖಂಡಿತ. ನಮ್ಮದು ಹೆಚ್ಚಾಗಿ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ ಹೋಗುವ ಹಣ್ಣು, ಅವಸರವಿಲ್ಲ. ಸುಮಾರು ನಾಲ್ಕು ತಿಂಗಳಿಗೆ, ಫೆಬ್ರವರಿ-ಮಾರ್ಚಿನ ಒಣ ಗಾಳಿಗೆ ಸರಿಯಾಗಿ ಕೊಯ್ಲಿಗೆ ಬರಬೇಕು. ಶೆಡ್ಡಿನ ಬಲೆಗಳ ಮೇಲೆ ನೆರಳಲ್ಲೇ ಒಣಗಬೇಕು.

ಕಳೆದ ಅಕ್ಟೋಬರಿನಲ್ಲಿ ಅಮ್ಮ ಬಂದಿದ್ದಳು. ಹಿಂದಿನ ದಿನ ನೀರು ಬಿಟ್ಟಿದ್ದರಿಂದ ಕತ್ತರಿಸಿದ ತುದಿಗಳಲ್ಲಿ ಹನಿ ತೊಟ್ಟಿಕ್ಕುತ್ತಿತ್ತು. "ಅಯ್ಯೋ, ಇದು ಅಳ್ತಾ ಇದೆ ಕಣೇ," ಅಂದಳು. ಅವಳ ಕೈಗೆ ಕತ್ತರಿ ಕೊಟ್ಟು, ಬುಡದಿಂದ ಕಣ್ಣು ಎಣಿಸು ಅಂದೆ. ಬೆರಳಿಟ್ಟು ಗಟ್ಟಿಯಾಗಿ ಎಣಿಸುತ್ತ ಹೋದಳು. ಏಳಕ್ಕೆ ಬಂದು ನಿಂತಳು, ಕತ್ತರಿ ನನಗೇ ವಾಪಸ್ ಕೊಟ್ಟಳು.